ಚಿಕ್ಕಿ, ಇದು ರಿಯಲ್ಲಾ?

ಮಕ್ಕಳ ಜೊತೆ ಮ್ಯೂಸಿಯಂಗೆ ಹೋದ್ರೆ ಎಲ್ಲಿ ನಿಲ್ಬೇಕು, ಎಷ್ಟೊತ್ತು ನಿಲ್ಬೇಕು ಅನ್ನೋದೆಲ್ಲ ಅವರ ಕೈಲಿರುತ್ತೆ, ನಮ್ಮದೇನಿದ್ರೂ ಬ್ಯಾಗು ಜಾಕೆಟ್ಟು ಹೊರೋ ಕೆಲಸ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಅಕ್ಕನ ಮಗನ್ನ ಕರ್ಕೊಂಡು ಹೋಗಿದ್ದೆ. ಅವನೇ ನನ್ನನ್ನ ಕರ್ಕೊಂಡು ಹೋದ ಅಂದ್ರೂ ಸರಿನೇ, ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನ ಆ ಉದ್ದನೆ ಸುರಂಗದಲ್ಲಿ ಯಾವ ಮೆಟ್ಟಿಲು ಹತ್ತಬೇಕು ಅನ್ನೋದು ಅವನಿಗೆ ಬಾಯಿಪಾಠ. ಒಳಗೆ ಹೋದಮೇಲೆ ಅವನದ್ದು ಒಂದೇ ಪ್ರಶ್ನೆ. ಯಾವುದರ ಮುಂದೆ ನಿಂತ್ರೂ "ಚಿಕ್ಕಿ, ಇದು ರಿಯಲ್ಲಾ?" ಹೌದು ಕಣೋ ಅಂದ್ರೆ ಗಾಜಿಗೆ ಮೂಗು ಒತ್ತಿ ನೋಡ್ತಾನೆ. ಇಲ್ಲ, ಇದು ಮಾಡೆಲ್ಲು ಅಂದ್ರೆ ಅರ್ಧ ಸೆಕೆಂಡು, ಮುಂದಕ್ಕೆ. ಅವನು ಆ ಪ್ರಶ್ನೆನ ಅಲ್ಲೇ ಬಿಟ್ಟು ಬಂದ ಅನ್ಸುತ್ತೆ, ನನ್ನ ತಲೆಯೊಳಗೆ ಮಾತ್ರ ಇನ್ನೂ ಕೊರೀತಾನೇ ಇದೆ.

ಹೇಳ್ಬೇಕು ಅಂದ್ರೆ ಅದು ಸುಲಭದ ಪ್ರಶ್ನೆ ಅಲ್ಲ. ಒಳಗೆ ಕಾಲಿಟ್ಟ ತಕ್ಷಣ ಮೇಲೆ ನೋಡಿದ್ರೆ ನೀಲಿ ತಿಮಿಂಗಿಲದ ಅಸ್ಥಿಪಂಜರ ನೀರಿಗೆ ಡೈವ್ ಹೊಡೀತಿರೋ ಹಾಗೆ ತೂಗ್ತಾ ಇದೆ, 25.2 ಮೀಟರ್ ಉದ್ದ. ಅದು ರಿಯಲ್. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಹತ್ರ ಮರಳ ದಿಬ್ಬಕ್ಕೆ ಬಂದು ಸಿಕ್ಕಿಹಾಕ್ಕೊಂಡಿದ್ದು, ಮ್ಯೂಸಿಯಂನವರು ಮೂಳೆ ಕೊಂಡ್ಕೊಂಡ್ರು, ಆದ್ರೆ ಅಷ್ಟು ದೊಡ್ಡದನ್ನ ನೇತುಹಾಕೋಕೆ ಜಾಗ ಸಿಗೋ ಹೊತ್ತಿಗೆ 1930ರ ದಶಕ ಬಂದಿತ್ತು. ಈಗಿನ ಜಾಗಕ್ಕೆ ಬಂದಿದ್ದು 2017ರಲ್ಲಿ. ಅದಕ್ಕೂ ಮೊದಲು ಆ ಹಾಲ್‌ನಲ್ಲಿ ಇದ್ದಿದ್ದು ಡಿಪ್ಪಿ, ಡಿಪ್ಲೊಡೊಕಸ್ ಅನ್ನೋ ಡೈನೋಸಾರ್, ನೋಡಿದವರೆಲ್ಲ ಪ್ರೀತಿ ಮಾಡಿದ ಪ್ರಾಣಿ, ಮತ್ತು ಅದು ಪೂರ್ತಿ ಪ್ಲಾಸ್ಟರ್.

ಡಿಪ್ಪಿ ಕಥೆ ಸ್ವಲ್ಪ ವಿಚಿತ್ರ. ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗೀ ದುಡ್ಡಲ್ಲಿ ಅಗೆದು ತೆಗೆದ ಮೂಳೆಗಳು ಪಿಟ್ಸ್‌ಬರ್ಗ್‌ನಲ್ಲಿದ್ವು, ಏಳನೇ ಎಡ್ವರ್ಡ್ ದೊರೆಗೆ ಅದರ ಚಿತ್ರ ನೋಡಿ ನಮಗೂ ಒಂದು ಬೇಕು ಅನ್ನಿಸ್ತು, ಸಾಹುಕಾರ ಅಚ್ಚು ತೆಗೆಸಿ ಕಳಿಸಿದ. 1905ರ ಮೇ ತಿಂಗಳಲ್ಲಿ ಲಂಡನ್ನಲ್ಲಿ ಕಾಪಿ ಎದ್ದು ನಿಲ್ತು. ಪಿಟ್ಸ್‌ಬರ್ಗ್‌ನಲ್ಲಿ ಕಟ್ಟಡ ಇನ್ನೂ ರೆಡಿ ಆಗಿರ್ಲಿಲ್ಲ, ಹಾಗಾಗಿ ಒರಿಜಿನಲ್ ಎದ್ದು ನಿಂತಿದ್ದು 1907ರಲ್ಲಿ. ಅಂದ್ರೆ ಕಾಪಿನೇ ಅಣ್ಣ, ಒರಿಜಿನಲ್ಲೇ ತಮ್ಮ. ಆ ಒರಿಜಿನಲ್ ಕೂಡ ಒಂದೇ ಪ್ರಾಣಿದಲ್ಲ, ಒಂದಕ್ಕಿಂತ ಹೆಚ್ಚು ಪ್ರಾಣಿಗಳ ಮೂಳೆ ಸೇರಿಸಿ ಜೋಡಿಸಿದ್ದು. ಈಗ ಮ್ಯೂಸಿಯಂ ಹೊರಗಿನ ತೋಟದಲ್ಲಿ ಡಿಪ್ಪಿನ ನೋಡ್ಕೊಂಡು ಮಾಡಿದ ಕಂಚಿನ ಡಿಪ್ಲೊಡೊಕಸ್ ಒಂದಿದೆ, ಫರ್ನ್ ಅಂತ ಹೆಸರು, 2024ರಲ್ಲಿ ಬಂದಿದ್ದು. ಕಾಪಿಯ ಕಾಪಿ. ಇದನ್ನೆಲ್ಲ ಏಳು ವರ್ಷದ ಹುಡುಗನಿಗೆ ಹೇಗೆ ಹೇಳೋದು? ನಾನು "ರಿಯಲ್ ಥರಾನೇ" ಅಂದೆ. ಒಪ್ಪಲಿಲ್ಲ.

ಡೈನೋಸಾರ್ ಗ್ಯಾಲರಿಯಲ್ಲಿ ಮಾತ್ರ ನಾನು ಬಾಯಿ ಬಿಡೋ ಮೊದಲೇ ಅವನೇ ಉತ್ತರ ಹೇಳ್ಬಿಟ್ಟಿದ್ದ. ಅಲ್ಲಿ ಕತ್ತಲೆ ಮೂಲೆಯಲ್ಲಿ ಒಂದು ಟಿ-ರೆಕ್ಸ್ ನಿಂತಿದೆ, ತಲೆ ಆಡಿಸುತ್ತೆ, ಬಾಲ ಬೀಸುತ್ತೆ, ಗುರ್ ಅನ್ನುತ್ತೆ. ಟ್ರೇನಲ್ಲಿ ಬರ್ತಾನೇ ದೊಡ್ಡ ಇಂಜಿನಿಯರ್ ಥರ "ಅದು ರೋಬೋಟು ಚಿಕ್ಕಿ, ಒಳಗಡೆ ಮೋಟರ್ ಇರುತ್ತೆ, ನಾನು ಹೆದರಲ್ಲ" ಅಂತ ಹೇಳ್ಕೊಂಡು ಬಂದಿದ್ದ. ತಿರುವು ದಾಟಿದ್ವಿ, ಅದು ನಿಧಾನಕ್ಕೆ ನಮ್ಮ ಕಡೆ ಮುಖ ತಿರುಗಿಸ್ತು, ಹುಡುಗ ನನ್ನ ಜಾಕೆಟ್ ಒಳಗೆ. ಅಲ್ಲಿಂದಲೇ ಸಣ್ಣ ದನಿಯಲ್ಲಿ "ರಿಯಲ್ ಅಲ್ಲ ಅಲ್ವಾ?" ಅಂದ. ಪಕ್ಕದಲ್ಲಿ ಇನ್ನೊಂದು ಮಗು ಅಳ್ತಾ ಇತ್ತು, ಅದರಪ್ಪ ವಿಡಿಯೋ ಮಾಡ್ತಾ ನಗ್ತಾ ಇದ್ರು. ಆ ಕೋಣೆಯಲ್ಲಿ ಅಷ್ಟು ಜನ ನಿಂತಿದ್ರು. ಹೋಗೋ ದಾರಿಯಲ್ಲೇ ಇದ್ದ ನಿಜವಾದ ಮೂಳೆ, ಕೋಟ್ಯಂತರ ವರ್ಷದ ಹಳೇ ಮೂಳೆ, ಅದರ ಮುಂದೆ ಯಾರೂ ನಿಂತಿರ್ಲಿಲ್ಲ.

ಡೋಡೋ ಹಕ್ಕಿ ಮುಂದೆ ನಿಂತಾಗ ಇನ್ನೊಂದು ಎಡವಟ್ಟು. ಎಷ್ಟು ಮುದ್ದಾಗಿದೆ ಅಂದ್ರೆ ಈಗ ತಾನೇ ನಡ್ಕೊಂಡು ಬಂದು ಗಾಜಿನೊಳಗೆ ನಿಂತ ಹಾಗಿದೆ, ಆದ್ರೆ ಅದು ಬೇರೆ ಹಕ್ಕಿಗಳ ಪುಕ್ಕ ಅಂಟಿಸಿ ಮಾಡಿದ್ದು. ತುಂಬಿಸಿಟ್ಟ ಪೂರ್ತಿ ಡೋಡೋ ಭೂಮಿ ಮೇಲೆ ಎಲ್ಲೂ ಇಲ್ಲ, ಮೂಳೆಗಳು ಬೇಕಾದಷ್ಟಿವೆ, ಚರ್ಮ ಮಾಂಸ ಉಳ್ಕೊಂಡಿರೋದು ಅಂದ್ರೆ ಆಕ್ಸ್‌ಫರ್ಡ್‌ನಲ್ಲಿರೋ ಒಂದು ತಲೆ. ಇಷ್ಟು ಹೇಳೋವಷ್ಟರಲ್ಲಿ ಹುಡುಗ ಆ ಕಡೆ ಕೋತಿ ನೋಡೋಕೆ ಓಡಿದ್ದ. ಅದು ಕಟ್ಟಡದ ಕಮಾನಿಗೆ ಹತ್ತುತಾ ಇರೋ ಟೆರಾಕೋಟಾ ಕೋತಿ. 1881ರಲ್ಲಿ ಬಾಗಿಲು ತೆರೆದ ಈ ಕಟ್ಟಡನ ಆಲ್ಫ್ರೆಡ್ ವಾಟರ್‌ಹೌಸ್ ಅನ್ನೋರು ಡಿಸೈನ್ ಮಾಡಿದ್ದು, ಮೈತುಂಬ ಪ್ರಾಣಿಗಳು, ಕಟ್ಟಡದ ಒಂದು ಕಡೆ ಈಗಲೂ ಬದುಕಿರೋ ಜೀವಿಗಳು, ಇನ್ನೊಂದು ಕಡೆ ಅಳಿದುಹೋದವು. ಗ್ಯಾಲರಿ ಬಿಟ್ಟು ಬರೀ ಗೋಡೆ ನೋಡ್ಕೊಂಡು ಬಂದ್ರೂ ಬಸ್ ಚಾರ್ಜು ವಸೂಲು.

ಅದೇ ಪ್ರಶ್ನೆ ಕೇಳಿದ ದೊಡ್ಡವರು

ಈ ಪ್ರಶ್ನೆ ಮಕ್ಕಳದ್ದು ಮಾತ್ರ ಅಂದ್ಕೋಬೇಡಿ. ಟ್ರೆಷರ್ಸ್ ಗ್ಯಾಲರಿಯಲ್ಲಿ ಆರ್ಕಿಯೋಪ್ಟೆರಿಕ್ಸ್ ಪಳೆಯುಳಿಕೆ ಇದೆ. ಬವೇರಿಯಾದ ಸುಣ್ಣಕಲ್ಲಿನ ಗಣಿಯಲ್ಲಿ ಸಿಕ್ಕಿದ್ದು, ಡಾಕ್ಟರ್ ಒಬ್ಬರ ಕೈಗೆ ಬಂದು, ಅವರಿಂದ 1862ರಲ್ಲಿ ಮ್ಯೂಸಿಯಂ ಕೊಂಡ್ಕೊಂಡಿದ್ದು. ಹಲ್ಲಿ ಥರ ಬಾಲದ ಮೂಳೆ, ಹಕ್ಕಿ ಥರ ಪುಕ್ಕ. ಒಂದು ಥರದ ಜೀವಿ ನಿಧಾನಕ್ಕೆ ಇನ್ನೊಂದು ಥರ ಆಗುತ್ತೆ ಅಂದ ಡಾರ್ವಿನ್ ಪುಸ್ತಕ ಬಂದು ಹೆಚ್ಚು ವರ್ಷ ಆಗಿರ್ಲಿಲ್ಲ, ಅಂಥ ಹೊತ್ತಲ್ಲಿ ಅಂಥ ಸಾಕ್ಷಿ ಸಿಕ್ಕಿದ್ರೆ ಯಾರಿಗಾದ್ರೂ ಡೌಟ್ ಬರೋದೇ. ಸುಮಾರು ನೂರಿಪ್ಪತ್ತು ವರ್ಷ ಆದಮೇಲೆ, 1985ರ ಹೊತ್ತಿಗೆ, ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಮತ್ತೆ ಅವರ ಜೊತೆಯವರು ಇದು ಫೇಕು ಅಂದ್ಬಿಟ್ರು. ಯಾರೋ ಸಿಮೆಂಟ್ ಥರದ್ದೇನೋ ಬಳಿದು ಅದರ ಮೇಲೆ ಕೋಳಿ ಪುಕ್ಕ ಒತ್ತಿದಾರೆ ಅಂತ. ಸಣ್ಣಪುಟ್ಟ ಮನುಷ್ಯ ಅಲ್ಲ, ನಕ್ಷತ್ರಗಳ ಒಳಗೆ ಧಾತುಗಳು ಹೇಗೆ ಹುಟ್ತವೆ ಅಂತ ಹೇಳಿದೋರು.

ಮ್ಯೂಸಿಯಂನವರು ಬೈದು ಕಳಿಸ್ಬೋದಿತ್ತು. ಅವರು ಮಾಡಿದ್ದು ಕಲ್ಲನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ಕೂತಿದ್ದು. ಪಳೆಯುಳಿಕೆ ಎರಡು ಹಲಗೆಯಾಗಿ ಸೀಳಿದೆ, ಪುಸ್ತಕ ತೆರೆದ ಹಾಗೆ. ಕೂದಲೆಳೆಯಂಥ ಬಿರುಕುಗಳು ಪುಕ್ಕದ ಗುರುತನ್ನ ದಾಟ್ಕೊಂಡು ಹೋಗಿವೆ, ಎರಡೂ ಹಲಗೆಯಲ್ಲಿ ಅವು ಒಂದಕ್ಕೊಂದು ಸರಿಯಾಗಿ ಕೂರ್ತವೆ, ಖನಿಜ ಬೆಳೆದು ಮೂಡಿರೋ ಗಿಡದ ಕೊಂಬೆಯಂಥ ಸಣ್ಣ ಕಪ್ಪು ಗುರುತುಗಳೂ ಅಷ್ಟೇ. ಮೇಲೆ ಏನಾದ್ರೂ ಬಳಿದಿದ್ರೆ ಆ ಬಿರುಕು ಅಲ್ಲಿಗೆ ನಿಂತುಹೋಗ್ಬೇಕಿತ್ತು. 1986ರಲ್ಲಿ ಅದನ್ನ ಪ್ರಕಟಿಸಿದ್ರು, ಅಲ್ಲಿಗೆ ಆ ಮಾತು ಮುಗೀತು. ನನಗೆ ಇದರಲ್ಲಿ ಇಷ್ಟ ಆಗಿದ್ದು ಹಾಯ್ಲ್ ಸೋತಿದ್ದಲ್ಲ. ಕೇಳಿದ್ದು ಒಳ್ಳೇ ಪ್ರಶ್ನೆನೇ. ವಸ್ತು ಇನ್ನೂ ಅಲ್ಲೇ ಇತ್ತು, ಯಾವಾಗ ಬೇಕಾದ್ರೂ ತೆಗೆದು ಮತ್ತೆ ನೋಡ್ಬೋದಿತ್ತು, ಅದಕ್ಕೇ ಉತ್ತರ ಸಿಕ್ತು.

ಬಾಟ್ಲಿ ಒಳಗಿನ ಚೀಟಿ

ಇನ್ನೊಂದಿನ ಒಬ್ಬಳೇ ಹೋಗಿ ಸ್ಪಿರಿಟ್ ಕಲೆಕ್ಷನ್ ಟೂರ್ ತಗೊಂಡೆ. (ಹುಡುಗ ಇದ್ದಿದ್ರೆ ಅವನ ಪ್ರಶ್ನೆಗೆ ಅಲ್ಲಿ ಬರೀ ಹೌದು ಹೌದು ಅಂತಾನೇ ಹೇಳ್ಬೋದಿತ್ತು.) ಡಾರ್ವಿನ್ ಸೆಂಟರ್ ಒಳಗೆ ತಣ್ಣಗಿರೋ ಕೋಣೆಗಳು, ಸುಮಾರು 27 ಕಿಲೋಮೀಟರ್ ಶೆಲ್ಫು, 2 ಕೋಟಿ 20 ಲಕ್ಷ ಜೀವಿಗಳು ಸ್ಪಿರಿಟ್ಟಿನಲ್ಲಿ ಮುಳುಗಿ ಕೂತಿವೆ. ಮೀನು, ಹಾವು, ಆಕ್ಟೋಪಸ್ಸು, ಡಾರ್ವಿನ್ ಬೀಗಲ್ ಹಡಗಿನಲ್ಲಿ ಹೋಗಿ ತಂದಿದ್ದೂ ಇವೆ. ಕೆಳಗೆ ಒಂದು ಉದ್ದನೆ ಟ್ಯಾಂಕಲ್ಲಿ 8.62 ಮೀಟರಿನ ದೈತ್ಯ ಸ್ಕ್ವಿಡ್ ಮಲಗಿದೆ, ಫಾಕ್‌ಲ್ಯಾಂಡ್ ದ್ವೀಪಗಳ ಹತ್ರ ಬಲೆಗೆ ಬಿದ್ದಿದ್ದು, ಆರ್ಚಿ ಅಂತ ಕರೀತಾರೆ. ಎಲ್ಲರೂ ಅದರ ಫೋಟೋ ತೆಗೀತಾರೆ, ನಾನೂ ತೆಗೆದೆ, ಒಂದೂ ಸರಿಯಾಗಿ ಬಂದಿಲ್ಲ.

ಆದ್ರೆ ನೆನಪಲ್ಲಿ ಉಳಿದಿದ್ದು ಬೇರೆ. ಟೂರ್ ಮಾಡಿಸ್ತಿದ್ದ ಹುಡುಗಿ ಒಂದು ಬಾಟ್ಲಿ ಕೈಗೆ ತಗೊಂಡು ನಮ್ಮ ಕಡೆ ತಿರುಗಿಸಿದ್ಲು. ಸಾಮಾನ್ಯವಾಗಿ ಮೀನಿನ ಮುಖ ಕಾಣೋ ಹಾಗೆ ತಿರುಗಿಸ್ತಾರೆ ಅಲ್ವಾ, ಇವಳು ಚೀಟಿ ಕಾಣೋ ಹಾಗೆ ತಿರುಗಿಸಿದ್ಲು. ಚೀಟಿ ಬಾಟ್ಲಿ ಹೊರಗೆ ಅಂಟಿಸಿದ್ದಲ್ಲ, ಒಳಗೆ, ಮೀನಿನ ಜೊತೆಗೇ ಸ್ಪಿರಿಟ್ಟಿನಲ್ಲಿ ನೆನೀತಾ ನಿಂತಿದೆ. ಹೊರಗೆ ಅಂಟಿಸಿದ್ರೆ ಗೋಂದು ಒಣಗಿ ಒಂದಲ್ಲ ಒಂದಿನ ಬಿದ್ದುಹೋಗುತ್ತೆ, ಯಾವುದರ ಚೀಟಿ ಯಾವುದಕ್ಕೆ ಅಂತ ಗೊತ್ತಾಗಲ್ಲ. ಒಳಗಿದ್ರೆ ಬಾಟ್ಲಿ ಒಡೆದು ಮೀನು ಬೇರೆ ಬಾಟ್ಲಿಗೆ ಹೋದ್ರೂ ಚೀಟಿ ಜೊತೆಗೇ ಹೋಗುತ್ತೆ. ಕಂದು ಬಣ್ಣಕ್ಕೆ ತಿರುಗಿದ ದಪ್ಪ ಕಾಗದ, ಕರಗದ ಶಾಯಿ, ಓರೆ ಅಕ್ಷರ. ಎಲ್ಲಿ, ಯಾವಾಗ, ಯಾರು. ಅಷ್ಟೇ. ಮುಂದೆ ಯಾರಾದ್ರೂ ಆ ಮೀನಿಗೆ ಬೇರೆ ಹೆಸರು ಕೊಟ್ರೂ ಹಳೇ ಚೀಟಿ ಎಸೆಯಲ್ಲ, ಹೊಸದನ್ನ ಅದರ ಜೊತೆಗೆ ಸೇರಿಸ್ತಾರೆ. ಚೀಟಿ ಕಳೆದುಹೋದ್ರೆ ಏನಾಗುತ್ತೆ ಅಂತ ಯಾರೋ ಕೇಳಿದ್ರು. ಏನಿಲ್ಲ, ಆಮೇಲೆ ಅದು ಬಾಟ್ಲಿಯಲ್ಲಿರೋ ಒಂದು ಮೀನು ಅಷ್ಟೇ ಅಂದ್ಲು.

ಅಲ್ಲಿಂದಾಚೆಗೆ ನನಗೆ ಈ ಮ್ಯೂಸಿಯಂ ಬೇರೆ ಥರ ಕಾಣೋಕೆ ಶುರುವಾಯ್ತು. ಹೊರಗಡೆ ತಿಮಿಂಗಿಲ ಡೈನೋಸಾರ್ ಎಲ್ಲ ಬೋರ್ಡು, ಒಳಗಡೆ ಇರೋದು ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮು. ಒಟ್ಟು 8 ಕೋಟಿ ವಸ್ತುಗಳು, ನಾವು ಟಿಕೆಟ್ ಇಲ್ಲದೆ ಓಡಾಡ್ಕೊಂಡು ನೋಡೋದು ಅದರಲ್ಲಿ ಚಿಟಿಕೆಯಷ್ಟೂ ಅಲ್ಲ.

ಗೂಬೆ ನಿಜ, ಚೀಟಿ ಸುಳ್ಳು

ಚೀಟಿ ಬಗ್ಗೆ ಹುಚ್ಚು ಹಿಡಿದಮೇಲೆ ಓದಿದ್ದರಲ್ಲಿ ನನಗೆ ಮರೆಯೋಕೆ ಆಗದೇ ಇರೋದು ಫಾರೆಸ್ಟ್ ಔಲೆಟ್ ಅನ್ನೋ ಪುಟ್ಟ ಗೂಬೆಯ ಕಥೆ. ಎ.ಓ. ಹ್ಯೂಮ್ ಅಂದ್ರೆ ನಮಗೆ ಕಾಂಗ್ರೆಸ್ ಸ್ಥಾಪಕರು, ಎಸ್ಸೆಸ್ಸೆಲ್ಸಿಯಲ್ಲಿ ಒಂದು ಮಾರ್ಕಿನ ಪ್ರಶ್ನೆ. ಆ ಮನುಷ್ಯ ಹಕ್ಕಿ ಹುಚ್ಚ. ಶಿಮ್ಲಾದ ಮನೆಯಲ್ಲಿ ಸ್ವಂತ ಮ್ಯೂಸಿಯಂ ಇಟ್ಕೊಂಡಿದ್ರು, ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಪುಸ್ತಕ ಬರೀಬೇಕು ಅಂತ ವರ್ಷಗಟ್ಟಲೆ ಬರೆದಿಟ್ಟಿದ್ದ ಕಾಗದಗಳನ್ನ ಮನೆ ಆಳು ಯಾರೋ ಬಜಾರಿನಲ್ಲಿ ರದ್ದಿಗೆ ಮಾರ್ಬಿಟ್ಟ. ಅದಕ್ಕೇ ಮನಸ್ಸು ಮುರಿದು ಅಷ್ಟೂ ಸಂಗ್ರಹನ 1885ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ (ಆಗ ನಮ್ಮ ಈ ಮ್ಯೂಸಿಯಂ ಅದರದ್ದೇ ಭಾಗ) ಕೊಟ್ಟುಬಿಟ್ರು, ಕಾಂಗ್ರೆಸ್ ಹುಟ್ಟಿದ್ದೂ ಅದೇ ವರ್ಷ ನೋಡಿ. ಹಕ್ಕಿ, ಮೊಟ್ಟೆ ಎಲ್ಲ ಸೇರಿ 80 ಸಾವಿರ ದಾಟುತ್ತೆ. ಪ್ಯಾಕ್ ಮಾಡಿಸೋಕೆ ಲಂಡನ್ನಿಂದ ಮ್ಯೂಸಿಯಂನ ಪಕ್ಷಿತಜ್ಞ ಬೌಡ್ಲರ್ ಶಾರ್ಪ್ ಅನ್ನೋರೇ ಶಿಮ್ಲಾಗೆ ಬಂದ್ರು, ದೇವದಾರು ಮರದ 47 ಪೆಟ್ಟಿಗೆ ಬೆಟ್ಟ ಇಳೀತು.

ಹ್ಯೂಮ್ 1873ರಲ್ಲಿ ಹೆಸರಿಟ್ಟ ಹಕ್ಕಿಗಳಲ್ಲಿ ಈ ಪುಟ್ಟ ಗೂಬೆನೂ ಒಂದು. ಮಧ್ಯ ಭಾರತದಲ್ಲಿ 1872ರಿಂದ 1884ರವರೆಗೆ ಒಟ್ಟು ಏಳು ಹಕ್ಕಿ ಹೊಡೆದು ಚರ್ಮ ತೆಗೆದಿಟ್ಟಿದ್ರು, ಆಮೇಲೆ ಪತ್ತೆನೇ ಇಲ್ಲ. ಒಂದೇ ಒಂದು ಮಾತ್ರ ನಂತರದ್ದು: ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ ಅನ್ನೋರ ಸಂಗ್ರಹದ ಹಕ್ಕಿ, ಚೀಟಿ ಪ್ರಕಾರ 1914, ಗುಜರಾತಿನ ಮಾಂಡವಿ. ಯುದ್ಧದ ಹೀರೋ, ಗೂಢಚಾರ, 20 ಸಾವಿರ ಹಕ್ಕಿ ಚರ್ಮ ಮ್ಯೂಸಿಯಂಗೆ ದಾನ ಕೊಟ್ಟ ದೊಡ್ಡ ಮನುಷ್ಯ, ಅವರು ಬರೆದ ಚೀಟಿನ ಯಾರು ಅನುಮಾನ ಪಡ್ತಾರೆ. ಸಲೀಂ ಅಲಿಯವರಂಥವರೂ ಈ ಗೂಬೆಗಾಗಿ ಹುಡುಕಿದ್ರು, ಸಿಗಲಿಲ್ಲ. ಹೋಯ್ತು, ಅಳಿದುಹೋಯ್ತು ಅಂತ ಎಷ್ಟೋ ಜನ ತೀರ್ಮಾನ ಮಾಡ್ಕೊಂಡಿದ್ರು.

1990ರ ದಶಕದಲ್ಲಿ ಪಮೇಲಾ ರಾಸ್‌ಮುಸೆನ್ ಅನ್ನೋ ಅಮೆರಿಕದ ಪಕ್ಷಿತಜ್ಞೆ ದಕ್ಷಿಣ ಏಷ್ಯಾ ಹಕ್ಕಿಗಳ ಪುಸ್ತಕದ ಕೆಲಸಕ್ಕೆ ಆ ಚರ್ಮಗಳನ್ನ ಒಂದೊಂದಾಗಿ ಕೈಗೆ ತಗೊಂಡು ನೋಡಿದ್ರು. ಕರ್ನಲ್ ಸಾಹೇಬರ ಗೂಬೆ ಒಳಗೆ ಏನೋ ಸರಿಯಿಲ್ಲ. ಹಕ್ಕಿ ಚರ್ಮ ಬಿಡಿಸಿ ಒಳಗೆ ಹತ್ತಿ ತುಂಬಿ ಹೊಲಿಯೋದು ಒಬ್ಬೊಬ್ಬರದ್ದು ಒಂದೊಂದು ಕೈ, ಸಹಿ ಇದ್ದ ಹಾಗೆ. ಎಕ್ಸ್‌ರೇ ತೆಗೆಸಿದ್ರು. ಮೊದಲು ತುಂಬಿದ್ದನ್ನ ಬಿಚ್ಚಿ ಮತ್ತೆ ತುಂಬಿದ್ದಾರೆ, ಆದ್ರೂ ಅಡಿಯಲ್ಲಿ ಹಳೇ ಕೈ ಗುರುತು ಉಳಿದಿದೆ. ಅದು ಜೇಮ್ಸ್ ಡೇವಿಡ್ಸನ್ ಅನ್ನೋರ ಕೈ, 1884ರಲ್ಲಿ ಅವರು ಹೊಡೆದ ಗೂಬೆ. ಕರ್ನಲ್ಲು ಅದನ್ನ ಮ್ಯೂಸಿಯಂನಿಂದಲೇ ಕದ್ದು, ಮತ್ತೆ ಹೊಲಿದು, ಕಾಲಿಗೆ ತನ್ನ ಚೀಟಿ ಕಟ್ಟಿ, ತನ್ನದು ಅಂತ ಮ್ಯೂಸಿಯಂಗೇ ವಾಪಸ್ ದಾನ ಕೊಟ್ಟಿದ್ರು! ಮೊದಲೇ ಒಂದ್ಸಲ ಹೇಳದೆ ಕೇಳದೆ ಹಕ್ಕಿ ತಗೊಂಡು ಹೋಗಿದ್ದಕ್ಕೆ ಬರ್ಡ್ ರೂಮಿಗೆ ಬರ್ಬಾರ್ದು ಅಂತ 18 ತಿಂಗಳು ಅವರನ್ನ ಹೊರಗಿಟ್ಟಿದ್ರಂತೆ, ಆದ್ರೂ ದೊಡ್ಡವರ ವಿಷಯ, ಯಾರೂ ಬಾಯಿ ಬಿಡಲಿಲ್ಲ.

ಮಾಂಡವಿ ಅನ್ನೋದು ಬರೀ ಬುರುಡೆ ಅಂತ ಗೊತ್ತಾದಮೇಲೆ ರಾಸ್‌ಮುಸೆನ್ ಅದನ್ನ ಲಿಸ್ಟಿಂದ ತೆಗೆದು, ಪ್ರಾಮಾಣಿಕ ಚೀಟಿಗಳಲ್ಲಿ ಬರೆದಿದ್ದ ಊರುಗಳಿಗೆ ಹೊರಟ್ರು, ಜೊತೆಗೆ ಬೆನ್ ಕಿಂಗ್, ಡೇವಿಡ್ ಅಬ್ಬಟ್. ಪೂರ್ವದ ಕಡೆ ಸಿಗಲಿಲ್ಲ. ಆಮೇಲೆ ಮಹಾರಾಷ್ಟ್ರದ ಶಹಾದಾ ಹತ್ರ, ಸಾತ್ಪುರ ಬೆಟ್ಟದ ಬುಡದಲ್ಲಿ, 1997ರ ನವೆಂಬರ್ 25ರ ಬೆಳಿಗ್ಗೆ, ಬೋಳು ಮರದ ಮೇಲೆ ಬಿಸಿಲಲ್ಲಿ ಕೂತಿತ್ತು. 113 ವರ್ಷ ಆದಮೇಲೆ. ಹಗಲು ಹೊತ್ತೇ ಓಡಾಡೋ ಗೂಬೆ ಅದು, ಅವಿತುಕೊಂಡಿರ್ಲೇ ಇಲ್ಲ. ಈಗ ಮೇಳಘಾಟ್ ಕಡೆ ಚೆನ್ನಾಗೇ ಇದೆ, ಮುಂಬೈ ಹತ್ರದ ತಾನ್ಸಾದಲ್ಲಿ ಸಿಕ್ಕಿದೆ, ತಮಾಷೆ ಅಂದ್ರೆ ಗುಜರಾತಿನ ಪೂರ್ಣಾ ಅಭಯಾರಣ್ಯದಲ್ಲೂ ಸಿಕ್ಕಿದೆ. ಹಾಗಂತ ಕರ್ನಲ್ ಚೀಟಿ ನಿಜ ಆಗಿಬಿಡಲ್ಲ.

ಈ ಗೂಬೆ ತಂದು ಅಕ್ಕನ ಮಗನ ಮುಂದೆ ಇಟ್ರೆ ನಾನೇನು ಹೇಳ್ಲಿ? ಕೊಕ್ಕು ರಿಯಲ್, ಪುಕ್ಕ ರಿಯಲ್, ಉಗುರು ರಿಯಲ್. ಆದ್ರೂ ಪ್ಲಾಸ್ಟರ್ ಡಿಪ್ಪಿಗಿಂತ ದೊಡ್ಡ ಫೇಕು. ಡಿಪ್ಪಿ ನಾನು ಪ್ಲಾಸ್ಟರ್ ಅಂತ ಬೋರ್ಡ್ ಹಾಕ್ಕೊಂಡೇ ನಿಂತಿತ್ತು, ಅದರಿಂದ ಯಾರೂ ದಾರಿ ತಪ್ಪಿಲ್ಲ.

ಚೀಟಿಯಲ್ಲಿ ಜಾಗ ಸಿಗದವರು

ಇನ್ನು ಚೀಟಿ ನಿಜ ಇದ್ರೂ ಪೂರ್ತಿ ನಿಜ ಇರುತ್ತಾ ಅನ್ನೋದು ಬೇರೆ ಪ್ರಶ್ನೆ. ಆಲ್ಫ್ರೆಡ್ ರಸೆಲ್ ವಾಲೇಸ್ ಅನ್ನೋ ಇಂಗ್ಲಿಷ್ ಜೀವವಿಜ್ಞಾನಿ ಮಲಯ ದ್ವೀಪಗಳಿಂದ ಒಂದೂಕಾಲು ಲಕ್ಷ ಜೀವಿಗಳನ್ನ ಒಟ್ಟು ಮಾಡಿದ್ರು ಅಂತ ಓದ್ತೀವಿ. ಅಷ್ಟನ್ನೂ ಒಬ್ಬರೇ ಹಿಡಿದ್ರಾ? ಅವರ ಜೊತೆ ಸರವಾಕ್‌ನ ಅಲಿ ಅನ್ನೋ ಹುಡುಗ ಇದ್ದ, ಅಡುಗೆಗೆ ಅಂತ ಸೇರಿ, ಹಕ್ಕಿ ಹೊಡೆಯೋದು ಚರ್ಮ ಬಿಡಿಸೋದು ಎಲ್ಲ ಕಲಿತ. 1858ರಲ್ಲಿ ಬಚಾನ್ ದ್ವೀಪದಲ್ಲಿ ಭುಜದಿಂದ ಬಿಳಿ ಗರಿ ಹೊರಟಿರೋ ಒಂದು ಸ್ವರ್ಗದ ಹಕ್ಕಿನ ಹೊಡೆದು ತಂದಿದ್ದೂ ಅವನೇ, ವಾಲೇಸ್ ಅವರೇ ಬರ್ಕೊಂಡಿದ್ದಾರೆ. ಮ್ಯೂಸಿಯಂನ ಜಾರ್ಜ್ ಗ್ರೇ ಅದಕ್ಕಿಟ್ಟ ಹೆಸರು ವಾಲೇಸಿ. ಮೇರಿ ಆನಿಂಗ್‌ದೂ ಇದೇ ಪಾಡು. ಇಂಗ್ಲೆಂಡಿನ ಲೈಮ್ ರೀಜಿಸ್ ಊರಿನ ಕಡಲ ಬಂಡೆಯಲ್ಲಿ ಅವರು ಅಗೆದು ತೆಗೆದ ಸಮುದ್ರ ಸರೀಸೃಪಗಳ ಪಳೆಯುಳಿಕೆಗಳು ಗೋಡೆ ತುಂಬ ಇವೆ, ಆದ್ರೆ ಬಡಗಿಯ ಮಗಳು ಅಗೆದಿದ್ದನ್ನ ಸಾಹುಕಾರರು ಕೊಂಡು ದಾನ ಕೊಟ್ರೆ ಚೀಟಿಯಲ್ಲಿ ಬರ್ತಿದ್ದಿದ್ದು ದಾನ ಕೊಟ್ಟವರ ಹೆಸರು. ಈಗ ಅವರ ಬಗ್ಗೆ ದೊಡ್ಡದಾಗಿ ಬರೆದು ಹಾಕಿದ್ದಾರೆ, ಒಳ್ಳೇದೇ. ಹ್ಯೂಮ್ ಸಾಹೇಬರ ಹಕ್ಕಿಗಳ ಹಿಂದೆ ಕಾಡು ತೋರ್ಸಿದೋರು, ಗೂಡು ಹುಡುಕಿ ಮರ ಹತ್ತಿದೋರು ಯಾರಿದ್ರೋ, ಅವರಿಗೆ ಬೋರ್ಡ್ ಹಾಕೋಣ ಅಂದ್ರೆ ಹೆಸರೇ ಬರೆದಿಟ್ಟಿಲ್ಲ.

ಅದೇ ಸಮಯಕ್ಕೆ, ಬರೆದಿಟ್ಟ ಆ ಮೂರು ಮಾತಿನಿಂದ ಏನೇನಾಗುತ್ತೆ ಅನ್ನೋದೂ ಬರೆದವರಿಗೆ ಗೊತ್ತಿರಲ್ಲ. ಬ್ರಿಟನ್ನಿನಲ್ಲಿ ಹಕ್ಕಿ ಮೊಟ್ಟೆ ಕದಿಯೋದು ಒಂದು ಕಾಲದಲ್ಲಿ ಗಂಡಸರ ಹವ್ಯಾಸ, ಈಗ ಅಪರಾಧ. ಬಂಡೆ ಮೇಲೆ ಹಗ್ಗ ಕಟ್ಕೊಂಡು ಇಳಿದು ಪೆರಿಗ್ರಿನ್ ಡೇಗೆಯ ಮೊಟ್ಟೆ ತಂದು, ತೂತು ಮಾಡಿ ಒಳಗಿದ್ದುದನ್ನ ಊದಿ ತೆಗೆದು, ತಾರೀಖು ಬರೆದು ಡ್ರಾಯರ್‌ನಲ್ಲಿ ಇಡೋರು. ಶುದ್ಧ ಚಟ. 1960ರ ದಶಕದಲ್ಲಿ ಡೆರೆಕ್ ರಾಟ್‌ಕ್ಲಿಫ್ ಅನ್ನೋ ವಿಜ್ಞಾನಿ ಇಂಥ ಸಂಗ್ರಹಗಳ ಚಿಪ್ಪುಗಳನ್ನ ತೂಕ ಹಾಕಿ ಅಳತೆ ಮಾಡಿದಾಗ, 1947ರ ಆಸುಪಾಸಿನಿಂದ ಚಿಪ್ಪು ಇದ್ದಕ್ಕಿದ್ದ ಹಾಗೆ ತೆಳ್ಳಗಾಗಿರೋದು ಕಾಣ್ತು. ಯುದ್ಧ ಮುಗಿದು ಡಿಡಿಟಿ ಹೊಲಕ್ಕಿಳಿದ ಕಾಲ. ತಾಯಿಹಕ್ಕಿ ಕಾವು ಕೊಡೋಕೆ ಕೂತ್ರೆ ಮೊಟ್ಟೆ ಒಡೀತಿತ್ತು. 1967ರಲ್ಲಿ ಅವರು ಬರೆದಿದ್ದು ಡಿಡಿಟಿ ವಿರುದ್ಧದ ದೊಡ್ಡ ಸಾಕ್ಷಿ ಆಯ್ತು. ಕಳ್ಳರು ತಾರೀಖು ಸರಿಯಾಗಿ ಬರೆದಿದ್ರು, ಪುಣ್ಯ.

ಇತ್ತೀಚೆಗೆ ಮ್ಯೂಸಿಯಂನವರು ಚೀಟಿಗಳನ್ನ ಫೋಟೋ ತೆಗೆದು, ಟೈಪ್ ಮಾಡಿಸಿ, ಡೇಟಾ ಪೋರ್ಟಲ್ ಅಂತ ಆನ್‌ಲೈನ್ ಹಾಕ್ತಾ ಇದ್ದಾರೆ, ಯಾರು ಬೇಕಾದ್ರೂ ಹುಡುಕ್ಬೋದು. ರಾತ್ರಿ ಊಟ ಆದಮೇಲೆ ರೀಲ್ಸ್ ನೋಡೋ ಬದಲು ಅದರಲ್ಲಿ ಊರುಗಳ ಹೆಸರು ಹಾಕಿ ನೋಡೋದು ನನಗೀಗ ಚಟ. ಒಂದು ಕಿವಿಮಾತು, ನಮ್ಮ ಸ್ಪೆಲ್ಲಿಂಗ್ ಹಾಕಿದ್ರೆ ಹಳೇದು ಸಿಗಲ್ಲ, ಸಾಹೇಬರ ಬಾಯಲ್ಲಿ ಹೇಗೆ ಬರ್ತಿತ್ತೋ ಹಾಗೆ ಹಾಕ್ಬೇಕು, ಸೆರಿಂಗಪಟಂ, ಕೂರ್ಗ್, ನೀಲ್‌ಗೆರೀಸ್ ಅಂತ. ಒಬ್ಬೊಬ್ಬರು ಎಷ್ಟು ಅಚ್ಚುಕಟ್ಟು ಅಂದ್ರೆ ಊರು, ಎತ್ತರ, ತಾರೀಖು ಎಲ್ಲ ಇರುತ್ತೆ. ಇನ್ನು ಕೆಲವು ಮಹಾನುಭಾವರಿದ್ದಾರೆ, ಹಡಗು ಹತ್ತಿ ಇಷ್ಟು ದೂರ ಬಂದು, ಒಂದು ಜೀವ ತೆಗೆದು, ಹತ್ತಿ ತುಂಬಿ, ಜೋಪಾನವಾಗಿ ಲಂಡನ್‌ವರೆಗೆ ಹೊತ್ಕೊಂಡು ಹೋಗಿ, ಚೀಟಿಯಲ್ಲಿ 'ಎಸ್. ಇಂಡಿಯಾ' ಅಂತ ಮಾತ್ರ ಬರೆದು ಕೈ ತೊಳ್ಕೊಂಡಿದ್ದಾರೆ. ಕಾರವಾರದಿಂದ ಕನ್ಯಾಕುಮಾರಿವರೆಗೆ ಎಲ್ಲಿ ಅಂತ ಹುಡುಕೋದು ಸ್ವಾಮಿ?